ತಪ್ಪಿಲ್ಲದ ಒಂದು ತಾಸು

ನೀಲಾಂಬಿಕೆಯ ನಡು ನೋಯುತ್ತಿತ್ತು. ಆ ನೋವು ಅವಳದಲ್ಲ. ಐವತ್ತರ ಆಸುಪಾಸಿನ ಯಾರೋ ಒಬ್ಬ ಎಂಜಿನಿಯರ್ ಹೆಂಗಸಿನದು. ಆ ಹೆಂಗಸು ಯಾವುದೋ ಆಸ್ಪತ್ರೆಯಲ್ಲಿ ಕೂತು, ರೋಗಿಯ ನರಕ್ಕೆ ಎಷ್ಟು ಔಷಧ ಹನಿಯಬೇಕೆಂದು ತೀರ್ಮಾನಿಸುವ ಯಂತ್ರದ ಪ್ರೋಗ್ರಾಮನ್ನು ಪರೀಕ್ಷಿಸುತ್ತಿದ್ದಳು. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಸರಿದವು. ಎಲ್ಲ ಸರಿ ಇತ್ತು. ಆಕೆ ಒಂದು ಗುಟುಕು ಚಹಾ ಕುಡಿದಳು; ಅದರ ಬಿಸಿ ನೀಲಾಂಬಿಕೆಯ ಗಂಟಲಿನಲ್ಲಿ ಇಳಿಯಿತು. ಮತ್ತೆ ಸಾಲುಗಳು, ಮತ್ತೆ ಎಲ್ಲ ಸರಿ. ಆಕೆಗೆ ದುಃಖವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಉಪ್ಪು ಹಾಕಲು ಮರೆತ ಸಾರಿನ ಹಾಗಿತ್ತು ಆ ಹೊತ್ತು.

ಸಹಾಯಕಿ ಬಂದು ತಲೆಯ ಮೇಲಿನ ಟೋಪಿ ತೆಗೆದಳು. ಎದುರಿನ ಗೋಡೆಯ ಮೇಲೆ ಅಂಕ ಮೂಡಿತು. ಕಂಪ್ಯೂಟರ್ ವಿಜ್ಞಾನ: ಇಪ್ಪತ್ತೊಂಬತ್ತು. ಅದರ ಕೆಳಗೆ, ಬೆಳಿಗ್ಗೆ ಬಂದಿದ್ದ ಅಂಕ, ಆಹಾರ ಸಂಸ್ಕರಣೆ: ಎಂಬತ್ತೊಂದು.

ಇದು ೨೦೫೮ರ ಜೂನ್ ತಿಂಗಳು. ಹುಬ್ಬಳ್ಳಿಯ ಸೀಟು ಹಂಚಿಕೆ ಕೇಂದ್ರದಲ್ಲಿದ್ದ ಈ ಯಂತ್ರಕ್ಕೆ ಸರಕಾರ ಇಟ್ಟ ಹೆಸರು ವೃತ್ತ್ಯನುಭವ ಪೀಠ. ನಾಲಿಗೆ ತಿರುಗದ ಆ ಹೆಸರನ್ನು ಬದಿಗಿಟ್ಟು ಜನ ಅದನ್ನು ರುಚಿ ಕುರ್ಚಿ ಎನ್ನುತ್ತಿದ್ದರು. ಅದರ ಟೋಪಿಯೊಳಗೆ ಕೂದಲೆಳೆಯಷ್ಟು ಸಣ್ಣ ತಂತಿಗಳಿದ್ದವು. ಕೆಲಸದಲ್ಲಿರುವ ಒಬ್ಬರ ತಲೆಗೆ ಅದನ್ನು ತೊಡಿಸಿದರೆ ಮಿದುಳಿನಲ್ಲಿ ಹರಿಯುವ ನವಿರಾದ ವಿದ್ಯುತ್ತು, ಎದೆಬಡಿತ, ಅಂಗೈಯ ಬೆವರು, ಹೊಟ್ಟೆಯ ತಳಮಳ ಎಲ್ಲವೂ ದಾಖಲಾಗುತ್ತಿದ್ದವು. ಮುಂದೆ ಇನ್ನೊಬ್ಬರಿಗೆ ತೊಡಿಸಿದಾಗ ಅದೇ ಹರಿವನ್ನು ತುಸು ಮೆಲ್ಲಗೆ ಅವರಿಗೆ ಉಣಿಸುತ್ತಿತ್ತು. ಒಬ್ಬರ ಒಂದು ಗಂಟೆಯ ದುಡಿಮೆ ಇನ್ನೊಬ್ಬರಿಗೆ ಹತ್ತು ನಿಮಿಷದಲ್ಲಿ ದಕ್ಕುತ್ತಿತ್ತು. ಉಣ್ಣುವವರ ದೇಹ ಅದಕ್ಕೆ ಎಷ್ಟು ಒಲಿಯಿತು ಎಂಬುದನ್ನು ಯಂತ್ರವೇ ಅಳೆದು ಅಂಕ ಕೊಡುತ್ತಿತ್ತು.

ಯೋಚನೆಯೇನೋ ಒಳ್ಳೆಯದೇ. ಅಕ್ಕಪಕ್ಕದ ಮನೆಯವರ ಮಾತು ಕೇಳಿ ಕೋರ್ಸು ಹಿಡಿದು, ಎರಡನೇ ವರ್ಷಕ್ಕೇ ಕಣ್ಣೀರು ಹಾಕುವ ಮಕ್ಕಳನ್ನು ಯಾರು ನೋಡಿಲ್ಲ? ಮೊದಲೇ ರುಚಿ ನೋಡಲಿ ಎಂದು ಸರಕಾರ ಹೇಳಿತು. ಆದರೆ ಅಷ್ಟಕ್ಕೇ ಸುಮ್ಮನಿದ್ದರೆ ಅದನ್ನು ಸರಕಾರ ಎನ್ನುತ್ತಾರೆಯೇ? ನಲವತ್ತಕ್ಕಿಂತ ಕಡಿಮೆ ಬಂದವರಿಗೆ ಆ ಕೋರ್ಸಿನ ಸರಕಾರಿ ಸೀಟು ಇಲ್ಲ ಎಂಬ ಆದೇಶವೂ ಬೆನ್ನಿಗೇ ಬಂತು.

ನೀಲಾಂಬಿಕೆ ಕಂಪ್ಯೂಟರ್ ವಿಜ್ಞಾನದ ನಾಲ್ಕು ದಾರಿಗಳನ್ನೂ ರುಚಿ ನೋಡಿದ್ದಳು. ಬ್ಯಾಂಕಿನ ಮಾಹಿತಿ ಕಾಯುವವನ ಗಂಟೆ, ಚಿಪ್ ವಿನ್ಯಾಸ ಮಾಡುವವಳ ಗಂಟೆ, ಯಂತ್ರಕ್ಕೆ ಮಾತು ಕಲಿಸುವವನ ಗಂಟೆ, ಕೊನೆಗೆ ಈ ಆಸ್ಪತ್ರೆಯ ಹೆಂಗಸಿನದು. ನಾಲ್ಕೂ ಸಪ್ಪೆ.

ಹೊರಗೆ ಬೆಂಚಿನ ಮೇಲೆ ಅವಳ ತಾಯಿ ಶಿವಲೀಲಾ ಕಾಯುತ್ತಿದ್ದರು. ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು. ಮಗಳ ಮುಖ ನೋಡಿಯೇ ಅವರಿಗೆ ವಿಷಯ ತಿಳಿಯಿತು.

"ಹೋಗಲಿ ಬಿಡ. ಆಹಾರದ್ದು ಎಂಬತ್ತರ ಮ್ಯಾಲ ಬಂದೈತಲ್ಲ. ಅದನ್ನ ತಗೋ. ಈಗ ಪ್ರೋಗ್ರಾಮ್ ಎಲ್ಲಾ ಯಂತ್ರನ ಬರೀತಾವ. ನೀ ಕಂಪ್ಯೂಟರ್ ಓದಿ ಏನ್ ಮಾಡಾಕಿ?"

"ಯಂತ್ರ ಬರದದ್ದು ತಪ್ಪಾತಂದ್ರ ಅದು ಯಾಕ್ ತಪ್ಪಾತು ಅಂತ ಯಾರು ಹೇಳವ್ರು ಬೇ?"

"ಅಷ್ಟು ಆಸೆ ಇದ್ದಾಕಿಗೆ ಇಪ್ಪತ್ತೊಂಬತ್ತು ಯಾಕ ಬಂತು? ನಿನ್ನ ಮೈನ ಒಲ್ಲೆ ಅಂದೈತಿ."

ಆ ಮಾತು ನೀಲಾಂಬಿಕೆಗೆ ಚುಚ್ಚಿತು. ಏಕೆಂದರೆ ಸುಳ್ಳಲ್ಲ, ಕುರ್ಚಿಯಲ್ಲಿ ಅವಳಿಗೆ ನಿಜಕ್ಕೂ ಬೇಸರವಾಗಿತ್ತು. ಆದರೆ ಮನೆಯಲ್ಲಿ ಅವಳಿಗೆ ಒಂದು ದಿನವೂ ಹೀಗೆ ಬೇಸರವಾಗಿರಲಿಲ್ಲ. ಅವರ ಓಣಿಗೆ ನಳದ ನೀರು ಯಾವಾಗ ಬರುತ್ತದೆಂದು ಮೊದಲೇ ಹೇಳುವ ಪ್ರೋಗ್ರಾಮನ್ನು ಅವಳು ಒಂಬತ್ತನೇ ಇಯತ್ತೆಯಿಂದ ಬರೆಯುತ್ತಿದ್ದಳು. ಅದು ಒಮ್ಮೆಯೂ ನೆಟ್ಟಗೆ ಹೇಳಿರಲಿಲ್ಲ. ಪ್ರೋಗ್ರಾಮ್ ಬರೆಯುವ ದೊಡ್ಡ ಯಂತ್ರಗಳನ್ನು ಕೇಳಿದರೆ ಅವು ಕ್ಷಣದಲ್ಲಿ ಬರೆದುಕೊಡುತ್ತಿದ್ದವು, ಅದೂ ತಪ್ಪೇ ಹೇಳುತ್ತಿತ್ತು. ಅವಳು ಅದರ ಮೇಲೆ ಸಿಟ್ಟಾಗಿ ಊಟ ಬಿಟ್ಟಿದ್ದಳು, ಅತ್ತಿದ್ದಳು, ಮೊಬೈಲನ್ನು ಗೋಡೆಗೆ ಎಸೆದಿದ್ದಳು. ಬೇಸರ ಮಾತ್ರ ಆಗಿರಲಿಲ್ಲ.

ಅಲ್ಲಿಯೇ ಅವಳಿಗೆ ಹೊಳೆಯಿತು. ನಾಲ್ಕು ಜನರ ನಾಲ್ಕು ಗಂಟೆಗಳಲ್ಲಿ ಒಬ್ಬರೂ ಒಂದೇ ಒಂದು ತಪ್ಪು ಮಾಡಿರಲಿಲ್ಲ.

"ನಡಿ ಮ್ಯಾಲ," ಎಂದಳು ತಾಯಿಗೆ. "ತಕರಾರು ಹೇಳೂಣು."

ತಕರಾರು ಕೇಳುವವರು ಮಹಡಿಯ ಮೇಲಿನ ಕೋಣೆಯಲ್ಲಿದ್ದ ಡಾ. ಜಯತೀರ್ಥ ಕಟಗೇರಿ. ರುಚಿ ಕುರ್ಚಿಯನ್ನು ಕಂಡುಹಿಡಿದವರು ಅವರೇ. ಧಾರವಾಡದವರು, ಮಿದುಳು ವಿಜ್ಞಾನಿ, ಎತ್ತರದ ತೆಳ್ಳನೆಯ ಮನುಷ್ಯ. ತಮ್ಮ ಯಂತ್ರದ ಮೇಲೆ ಅವರಿಗೆ ಚೊಚ್ಚಲ ಮಗುವಿನ ಮೇಲಿನಷ್ಟು ಮಮತೆ ಇತ್ತು. ಬಂದ ಮಕ್ಕಳಿಗೆಲ್ಲ ಅವರು ತಾಳ್ಮೆಯಿಂದ ಅದೇ ಮಾತು ಹೇಳಿ ಕಳಿಸುತ್ತಿದ್ದರು.

"ಕೂಡ್ರವಾ," ಎಂದರು. "ಯಂತ್ರ ಸುಳ್ಳು ಹೇಳೂದಿಲ್ಲ. ನಿನಗ ಆ ಕೆಲಸ ಸೇರಲಿಲ್ಲ, ಅಷ್ಟ. ಅದರಾಗ ನಾಚಿಕೆ ಏನೈತಿ?"

"ನನಗ ಸೇರದ್ದು ಕೆಲಸ ಅಲ್ರೀ ಸರ. ನೀವು ಉಣಿಸಿದ್ದು ಕೆಲಸಾನ ಅಲ್ಲ."

ಶಿವಲೀಲಾ ಮಗಳ ತೋಳು ಜಗ್ಗಿದರು. ಕಟಗೇರಿಯವರ ಹುಬ್ಬು ಮೇಲೇರಿತು. "ನುರಿತ ಎಂಜಿನಿಯರ್‌ಗಳ ತಾಸು ಅವು. ಅವರಿಗಿಂತ ನಿನಗ ಹೆಚ್ಚು ಗೊತ್ತೇನು?"

"ಅವರು ಒಂದೂ ತಪ್ಪು ಮಾಡಿಲ್ಲಲ್ರೀ. ಪ್ರೋಗ್ರಾಮ್ ಜೋಡಿ ಕುಂತವರು ಯಾರರ ತಾಸುಗಟ್ಟಲೆ ಎಡವದ ಇರ್ತಾರೇನ್ರೀ?" ಅವಳು ಥಟ್ಟನೆ ತಾಯಿಯ ಕಡೆ ತಿರುಗಿದಳು. "ನನ್ನ ಮಾತು ಬಿಡ್ರಿ. ನಮ್ಮವ್ವ ಟೀಚರು. ಊರಾಗ ಯಾರನ್ನರ ಕೇಳ್ರಿ, ಸಾಲಿ ಅಂದ್ರ ಈಕಿಗೆ ಜೀವ. ಈಕೀನ ಟೀಚರ್ ತಾಸಿನಾಗ ಕೂಡಸ್ರಿ. ಎಷ್ಟು ಬರ್ತೈತಿ ನೋಡೂಣು."

ಕಟಗೇರಿಯವರಿಗೆ ನಗು ಬಂತು. ಅವರ ಕೋಣೆಯಲ್ಲೇ ಒಂದು ರುಚಿ ಕುರ್ಚಿ ಇತ್ತು. ಶಿವಲೀಲಾ ಬೇಡ ಬೇಡ ಎನ್ನುತ್ತಲೇ ಹೆರಳು ಸರಿಮಾಡಿಕೊಂಡು ಕೂತರು.

ಟೋಪಿ ತೆಗೆದಾಗ ಗೋಡೆಯ ಮೇಲೆ ಮೂವತ್ತಮೂರು ಎಂದು ಬಂದಿತ್ತು. ಶಿಕ್ಷಕ ವೃತ್ತಿಗೆ ಒಲವಿಲ್ಲ.

"ನನಗ ಮೂವತ್ತಮೂರಾ?" ಶಿವಲೀಲಾರ ದನಿ ಕೋಣೆ ತುಂಬಿತು. ಮಗಳಿಗೆ ಇಪ್ಪತ್ತೊಂಬತ್ತು ಬಂದಾಗ ಯಂತ್ರವನ್ನು ನಂಬಿದ ಹೆಂಗಸು ಈಗ ಕೆಂಡವಾಗಿದ್ದರು. "ಯಾರ್ರೀ ಆ ಟೀಚರು? ಪ್ರಶ್ನೆ ಕೇಳಿದ ಕೂಡಲೆ ಇಡೀ ವರ್ಗದ ಕೈ ಮ್ಯಾಲ. ಒಂದಾದ್ರೂ ಹುಡುಗ ತಪ್ಪು ಉತ್ತರ ಹೇಳಿತೇನು? ಕಿಟಕಿ ಹೊರಗ ಒಂದಾದ್ರೂ ನೋಡಿತೇನು? ತಿಳೀದ ಹುಡುಗನ ಕಣ್ಣಾಗ ತಿಳಿದದ್ದು ಕಾಣಿಸಬೇಕ್ರೀ, ಅದಕ್ಕ ನಾವು ಸಾಲೀಗೆ ಹೋಗೂದು! ಇದು ಪಾಠ ಅಲ್ಲ ಸರ. ಇದು ತಪಾಸಣಿಗೆ ಸಾಹೇಬ್ರು ಬಂದ ದಿನದ ಪಾಠ. ಹಿಂದಿನ ವಾರ ಮಾಡಿ ಮುಗಿಸಿದ್ದನ್ನ ಮತ್ತೊಮ್ಮೆ ಮಾಡಿ ತೋರಿಸಿದ್ದು."

ಕಟಗೇರಿಯವರಿಗೆ ತಮ್ಮ ಶಾಲೆ ನೆನಪಾಯಿತು. ಅವರೂ ಸರಕಾರಿ ಶಾಲೆಯಲ್ಲಿ ಕಲಿತವರೇ. ತಪಾಸಣೆಯ ದಿನ ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ ಎತ್ತಿ ಎಂದು ಅವರ ಮಾಸ್ತರರೂ ಹೇಳಿಕೊಟ್ಟಿದ್ದರು. ಅವರು ಎಡಗೈ ಎತ್ತಿದ ದಿನಗಳೂ ಇದ್ದವು.

"ದಾಖಲು ಮಾಡೂ ದಿನ ಅವರಿಗೆ ಮೊದಲ ತಿಳಿಸಿದ್ರೇನ್ರೀ?" ಎಂದು ನೀಲಾಂಬಿಕೆ ಕೇಳಿದಳು.

"ತಿಳಿಸದ ಹೆಂಗ ಮಾಡೂದು? ಅವರ ತಲಿಯೊಳಗಿಂದು ತಗೊಳ್ಳೂದಲ್ಲ," ಎಂದರು ಕಟಗೇರಿ. ಬಳಿಕ ತಮಗೆ ತಾವೇ ಹೇಳಿಕೊಳ್ಳುವಂತೆ ಮುಂದುವರಿಸಿದರು. "ಎಲ್ಲಾರೂ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ ಬಂದಿದ್ರು. ಯಾವ ಕೆಲಸ ಮಾಡ್ಲಿ ಅಂತ ಕೇಳಿದ್ರು. ನಿಮಗ ಚಲೋ ಬರೂದು ಮಾಡ್ರಿ ಅಂತ ನಾನ ಹೇಳಿದ್ದೆ."

ಯಂತ್ರ ಸುಳ್ಳು ಹೇಳಿರಲಿಲ್ಲ. ಮನುಷ್ಯರು ಅದಕ್ಕೆ ಮನೆ ಗುಡಿಸಿ, ಸಾರಿಸಿ, ರಂಗೋಲಿ ಹಾಕಿ ತೋರಿಸಿದ್ದರು. ಎಡವಿದ್ದು, ಹುಡುಕಿದ್ದು, ಹಲ್ಲು ಕಚ್ಚಿದ್ದು ಎಲ್ಲವನ್ನೂ ಮಂಚದ ಕೆಳಗೆ ತಳ್ಳಿದ್ದರು. ಕೆಲಸದ ರುಚಿ ಇದ್ದದ್ದು ಆ ಮಂಚದ ಕೆಳಗೇ.

"ನನ್ನ ತಾಸು ತಗೋರಿ," ಎಂದಳು ನೀಲಾಂಬಿಕೆ. "ನಂದೊಂದು ಪ್ರೋಗ್ರಾಮ್ ಕೆಟ್ಟು ಕುಂತೈತಿ. ಅದನ್ನ ನೋಡ್ಕೋತ ಕೂಡ್ರತೇನಿ. ಆಮ್ಯಾಲ ನೀವು ಉಂಡು ನೋಡ್ರಿ."

ಟೋಪಿ ತೊಟ್ಟು ಅವಳು ತನ್ನ ನಳದ ನೀರಿನ ಲೆಕ್ಕ ತೆರೆದಳು. ಆರಂಭದಲ್ಲಿ ಅವಳಿಗೂ ನಾಚಿಕೆಯಾಯಿತು. ದೊಡ್ಡ ವಿಜ್ಞಾನಿ ತನ್ನ ದಡ್ಡತನವನ್ನೆಲ್ಲ ಒಳಗಿನಿಂದಲೇ ನೋಡುತ್ತಾರಲ್ಲ ಎಂದು ಒಮ್ಮೆ ಸುಲಭದ ಭಾಗಕ್ಕೆ ಕೈ ಹಾಕಿದಳು ಕೂಡ. ಹಾಗೆ ಮಾಡಿದರೆ ತಾನೂ ಆ ನಾಲ್ವರಂತೆಯೇ ಅಂದುಕೊಂಡು ಹಿಂದೆ ಬಂದಳು. ಮೂರನೇ ಓಣಿಗೆ ಸೋಮವಾರ ನೀರು ಬಂದರೆ ತಮ್ಮ ಓಣಿಗೆ ಬುಧವಾರ ಬರಬೇಕು. ಬರುವುದಿಲ್ಲ. ಯಾಕೆ? ಅವಳು ಒಂದು ಊಹೆ ಮಾಡಿದಳು, ಅದು ಬಿತ್ತು. ಇನ್ನೊಂದು, ಅದೂ ಬಿತ್ತು. ಮತ್ತೊಂದು ನಿಂತೇಬಿಟ್ಟಿತು ಎನ್ನುವಷ್ಟರಲ್ಲಿ ಕಳೆದ ಬೇಸಿಗೆಯ ಲೆಕ್ಕ ಅದನ್ನೂ ಕೆಡವಿತು. ಅವಳು ಹಣೆ ಚಚ್ಚಿಕೊಂಡಳು. ಗಂಟೆ ಮುಗಿದದ್ದು ಅವಳಿಗೆ ತಿಳಿಯಲೇ ಇಲ್ಲ.

ಬಳಿಕ ಕಟಗೇರಿ ಕೂತರು. ತಾಯಿ ಮಗಳು ನೋಡುತ್ತ ನಿಂತರು. ವಿಜ್ಞಾನಿಯ ಹಣೆ ಗಂಟಿಕ್ಕಿತು, ಕಾಲು ಅಲುಗಾಡತೊಡಗಿತು, ತುಟಿ ಏನೋ ಗೊಣಗಿತು. ಒಮ್ಮೆ ಮುಷ್ಟಿ ಕಟ್ಟಿ ಕುರ್ಚಿಯ ಕೈಗೆ ಗುದ್ದಿದರು. ಟೋಪಿ ತಾನಾಗಿ ನಿಂತಾಗ ಅವರು ಕಣ್ಣು ತೆರೆದು ಕೇಳಿದ ಮೊದಲ ಮಾತು:

"ಮುಂದ? ಸಿಕ್ತೇನು?"

"ಇಲ್ರೀ."

"ಮೂರನೇ ಓಣಿಯಾಗ ನೀರಿನ ಮೇಲ್ಟಾಕಿ ಐತೇನು? ಟಾಕಿ ಇದ್ರ ಅದು ತುಂಬೂತನಾ ನಿಮ್ಮ ಓಣಿಗೆ..."

"ಸರ," ಎಂದಳು ನೀಲಾಂಬಿಕೆ, ಗೋಡೆಯ ಕಡೆ ಬೆರಳು ತೋರಿಸಿ. ಅಲ್ಲಿ ಅವರ ಅಂಕವಿತ್ತು. ತೊಂಬತ್ತು ದಾಟಿತ್ತು.

ಕಟಗೇರಿ ಎದ್ದು, ಹತ್ತಿರ ಹೋಗಿ ಅದನ್ನು ಇನ್ನೊಮ್ಮೆ ಓದಿದರು. ಆಮೇಲೆ ಮೇಜಿನ ಬಳಿ ಹೋದರು. "ನಿನ್ನ ಅಂಕ ರದ್ದು ಮಾಡಿ ಸೀಟಿಗೆ ನಾನ ಶಿಫಾರಸು ಬರೀತೇನಿ. ಆ ಅಧಿಕಾರ ನನಗೈತಿ. ಇಲ್ಲೇ ಹುಬ್ಬಳ್ಳಿ ಕಾಲೇಜಿನಾಗ ಸೀಟ್ ಸಿಗತೈತಿ, ಹೋಗಿ ಬಾ."

ಶಿವಲೀಲಾ ಕೈ ಮುಗಿದರು. ನೀಲಾಂಬಿಕೆ ಜಾಗ ಬಿಟ್ಟು ಅಲುಗಲಿಲ್ಲ.

"ಕೆಳಗ ಸಾಲಿನಾಗ ಕುಂತವರಿಗೆ?"

"ಅದು ಸರಕಾರದ ಆದೇಶ, ತಂಗಿ."

"ಆದೇಶ ಸರಕಾರದ್ದು. ಕುರ್ಚಿ ನಿಮ್ಮದು. ಸಪ್ಪಗಿರೂದು ಗೊತ್ತಾದ ಮ್ಯಾಲೂ ಬಡಸ್ತೀರೇನ್ರೀ?"

"ಏ ನೀಲಾ," ಶಿವಲೀಲಾ ಅವಳ ರಟ್ಟೆ ಚಿವುಟಿದರು, "ಬಾಯಿ ಮುಚ್ಚಿ ತಗೊಂಡ ನಡಿ. ಎಲ್ಲಾರ್ದೂ ರದ್ದು ಮಾಡಿದ್ರ ಪರೀಕ್ಷಾ ಮಾರ್ಕ್ಸಿನ ಮ್ಯಾಲ ಹಂಚ್ತಾರ. ನಿನ್ನ ಮಾರ್ಕ್ಸಿಗೆ ಏನು ಸಿಗತೈತಿ?"

ಅದು ನಿಜವಾಗಿತ್ತು. ನೀರಿನ ಲೆಕ್ಕದಲ್ಲಿ ಮುಳುಗಿ ಅವಳು ಪಿಯುಸಿಯಲ್ಲಿ ಸಾಧಾರಣ ಅಂಕ ತೆಗೆದಿದ್ದಳು. ಈ ಕೋಣೆಯಲ್ಲಿ ಕೈಗೆ ಬಂದ ಸೀಟು, ಬಾಗಿಲು ದಾಟಿದರೆ ಕೈ ತಪ್ಪಬಹುದು. ಅವಳಿಗೆ ಹೆದರಿಕೆಯಾಯಿತು. ಆದರೂ ಹೇಳಿದಳು.

"ಸಿಕ್ಕಲ್ಲಿ ಹೋಗ್ತೇನಿ. ಒಬ್ಬಾಕೀಗೆ ಹಿಂಬಾಗಲದಿಂದ ಬ್ಯಾಡ. ನೀವು ಬಂದ್ ಮಾಡೂತನಾ ನಾ ಇಲ್ಲಿಂದ ಏಳೂದಿಲ್ಲ." ಅವಳು ನೆಲದ ಮೇಲೆ ಕಾಲು ಮಡಚಿ ಕೂತೇಬಿಟ್ಟಳು.

ಕಟಗೇರಿಯವರ ಹತ್ತು ವರ್ಷದ ದುಡಿಮೆ ಆ ಯಂತ್ರದಲ್ಲಿತ್ತು. ಅವರು ಕಿಟಕಿಯ ಬಳಿ ಹೋಗಿ ನಿಂತರು, ತಿರುಗಿ ಬಂದರು, ಕನ್ನಡಕ ಒರೆಸಿಕೊಂಡರು. ನೆಲದ ಮೇಲೆ ಕೂತ ಹುಡುಗಿ ಅವರನ್ನೇ ದಿಟ್ಟಿಸುತ್ತಿದ್ದಳು. ಕೊನೆಗೆ ಅವರು ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಸಭಾಂಗಣದಲ್ಲಿ ಗದ್ದಲವೆದ್ದಿತು. ದಾಖಲೆಗಳು ಬಳಕೆಗೆ ಯೋಗ್ಯವಲ್ಲವೆಂದು ಸಾರಿ, ಅವರು ತಮ್ಮ ಕೈಯಾರೆ ಕುರ್ಚಿಗಳನ್ನು ಒಂದೊಂದಾಗಿ ನಿಲ್ಲಿಸುತ್ತಿದ್ದರು.

ಆ ವರ್ಷ ಹಳೆಯ ಪದ್ಧತಿಯಂತೆ ಪರೀಕ್ಷೆಯ ಅಂಕದ ಮೇಲೆಯೇ ಸೀಟು ಹಂಚಿದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಎಲ್ಲವೂ ತುಂಬಿದ ಮೇಲೆ, ನೀಲಾಂಬಿಕೆಗೆ ರಾಜ್ಯದ ಇನ್ನೊಂದು ತುದಿಯ ಬೀದರಿನಲ್ಲಿ ಕಂಪ್ಯೂಟರ್ ವಿಜ್ಞಾನದ ಸೀಟು ಸಿಕ್ಕಿತು. ಶಿವಲೀಲಾ ಮಗಳ ಜೊತೆ ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು.

"ನಾಕ್ ವರ್ಷ ಓದಿ ಅದು ಕೆಟ್ರ?" ಎಂದು ಬಸ್ ನಿಲ್ದಾಣದಲ್ಲಿ ಕೇಳಿದರು.

"ಕೆಡಲಿ ಬೇ. ಯಾಕ್ ಕೆಟ್ಟಿತು ಅಂತ ಹುಡುಕೂದ ನನ್ನ ಕೆಲಸ."

ರುಚಿ ಕುರ್ಚಿ ಎರಡು ವರ್ಷದ ಬಳಿಕ ಮರಳಿ ಬಂತು, ಸೀಟಿಗೂ ಅದಕ್ಕೂ ಸಂಬಂಧವಿಲ್ಲವೆಂಬ ಕರಾರಿನೊಡನೆ. ಈ ಸಲ ದಾಖಲೆ ಕೊಡುವವರು ವರ್ಷವಿಡೀ ಟೋಪಿ ತೊಡಲು ಒಪ್ಪಬೇಕಿತ್ತು. ಯಾವ ಗಂಟೆ ಆರಿಸಿಕೊಳ್ಳುತ್ತಾರೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಮಕ್ಕಳು ಸಪ್ಪೆ ಮುಖದಲ್ಲಿ ಹೊರಬರುವ ಕಾಲ ಮುಗಿಯಿತು. ಕೆಲವರು ಅರ್ಧಕ್ಕೇ ಸಾಕೆಂದು ಎದ್ದು, ನೆಮ್ಮದಿಯಿಂದ ಬೇರೆ ಕೋರ್ಸು ಹಿಡಿದರು. ಕೆಲವರು ಬೆವರಿ, ಸಿಡುಕಿ, ಇನ್ನೈದು ನಿಮಿಷ ಬಿಡಿ ಎಂದು ಜಗಳ ಕಾದರು. ಸರಕಾರದ ದುಡ್ಡಿನಲ್ಲಿ ಮಕ್ಕಳನ್ನು ಗೋಳಾಡಿಸುವ ಯಂತ್ರವೆಂದು ಪಾಲಕರು ಪತ್ರಿಕೆಗಳಿಗೆ ಬರೆದರು. ಕಟಗೇರಿ ಆ ಪತ್ರಗಳನ್ನು ಓದಿ ಸಂತೋಷಪಡುತ್ತಿದ್ದರಂತೆ.

ಇದೆಲ್ಲ ನಡೆಯಲು ಇನ್ನೂ ಮೂರು ದಶಕ ಬೇಕು. ಸದ್ಯಕ್ಕೆ ನಮ್ಮಲ್ಲಿರುವುದು ಕಾಲೇಜುಗಳ ಬಣ್ಣದ ಜಾಹೀರಾತು, ಕೆಲಸ ಸಿಕ್ಕವರ ನಗುಮುಖದ ಫೋಟೋ, ಮತ್ತು ಮದುವೆ ಮನೆಗಳಲ್ಲಿ ಸಿಗುವ ಯಾರದೋ ಎಂಜಿನಿಯರ್ ಅಳಿಯ. ಅಂಥವರು ಸಿಕ್ಕಾಗ ನಾವು ಸಂಬಳ ಕೇಳುತ್ತೇವೆ. ಬದಲಿಗೆ, ಕಳೆದ ವಾರ ಕೆಲಸದಲ್ಲಿ ಎಲ್ಲಿ ಸಿಕ್ಕಿಬಿದ್ದು ಒದ್ದಾಡಿದಿರಿ ಎಂದು ನಿಮ್ಮ ಮಗಳು ಅವರನ್ನು ಕೇಳಲಿ. ಕೇಳಿ, ಅವರು ಉತ್ತರ ಹೇಳುವಾಗ ಮುಖ ನೋಡಲಿ. ಆ ಮುಖದಲ್ಲಿ ಕಂಡದ್ದು ತನಗೂ ಬೇಕೆನಿಸಿದರೆ, ಆಮೇಲೆ ಅವಳನ್ನು ತಡೆಯಲು ಹೋಗಬೇಡಿ; ನೀಲಾಂಬಿಕೆಯಂತೆ ಕೂತಲ್ಲಿಂದ ಅವಳೂ ಏಳುವುದಿಲ್ಲ.