ಮಲಗಿದ ಹುಡುಗಿಯ ಮುಖ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಕಲಾ ಸಂಗ್ರಹಾಲಯದ ನಿರ್ದೇಶಕ ಠಾಣೆಗೆ ನುಗ್ಗಿದವನೇ ಮೇಜು ಕುಟ್ಟಿದ. ‘ಮಲಗಿದ ಹುಡುಗಿ’ ಎಂಬ ಹೆಸರಾಂತ ಚಿತ್ರದಲ್ಲಿ ಹುಡುಗಿಯ ಮುಖಕ್ಕೆ ಯಾರೋ ಬಿಳಿ ಬಣ್ಣ ಬಳಿದಿದ್ದರು. ಇನ್ಸ್‌ಪೆಕ್ಟರ್‌ಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಹಲ್ಲು ಕಚ್ಚಿಕೊಂಡು ಎಫ್‌ಐಆರ್ ದಾಖಲಿಸಿ, ಮಹಿಳಾ ಪೇದೆಯನ್ನು ಕರೆದುಕೊಂಡು ಹೊರಟ.

ಪಂಚನಾಮೆ ಹನ್ನೊಂದೂವರೆಗೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ಚಿತ್ರದಲ್ಲಿ ಕಿಟಕಿ ಪಕ್ಕದ ಮಂಚ, ಬಿಳಿ ದಿಂಬು, ಕೆದರಿದ ಕೂದಲು, ನಡುವೆ ಮುಖವಿರಲಿಲ್ಲ. ಬಣ್ಣ ಮುಖದ ಅಂಚಿಗೆ ಸರಿಯಾಗಿ ನಿಂತಿತ್ತು, ದಿಂಬಿಗೆ ಒಂದು ಹನಿಯೂ ಸಿಡಿದಿರಲಿಲ್ಲ.

“ನಮ್ಮನೆ ಗೋಡೆಗೂ ಇಷ್ಟು ನೀಟಾಗಿ ಯಾರೂ ಬಳಿದಿಲ್ಲ, ಸರ್” ಎಂದಳು ಪೇದೆ.

ಕೆಳಗಿನ ಫಲಕದಲ್ಲಿ ‘ಚಿತ್ರಕಾರರ ಮನೆಗೆಲಸದಾಕೆಯ ಮಗಳು, ನೆಮ್ಮದಿಯ ನಿದ್ರೆಯಲ್ಲಿ’ ಎಂದು ಬರೆದಿತ್ತು.

ಮರುದಿನ ಪ್ರಯೋಗಾಲಯದ ತಜ್ಞ ಫೋನ್ ಮಾಡಿದ. “ಬಿಳಿ ಬಳಿಯೋಕೆ ಮುಂಚೆ ಮುಖಕ್ಕೆ ವಾರ್ನಿಷ್ ಹಚ್ಚಿದ್ದಾರೆ. ಬಿಳಿ ತೆಗೆದ್ರೆ ಒಳಗಿನ ಚಿತ್ರಕ್ಕೆ ಏನೂ ಆಗಲ್ಲ.”

“ಹಾಳು ಮಾಡೋಕೆ ಬಂದವನು ಕಾಪಾಡ್ತಾನೇನ್ರೀ?”

“ಹಳೇ ಚಿತ್ರ ಸರಿಮಾಡೋರು ಹಾಗೇ ಮಾಡೋದು. ನಾವು ಹಚ್ಚಿದ್ದನ್ನ ನಾಳೆ ಇನ್ನೊಬ್ಬರು ತೆಗೆಯೋಕೆ ಬರ್ಬೇಕು ಅನ್ನೋದು ಆ ಕಸುಬಿನ ಪದ್ಧತಿ. ಕೈ ಅದನ್ನ ಬಿಡಲ್ಲ.”

ಸಂಗ್ರಹಾಲಯದಲ್ಲಿ ಆ ಕಸುಬಿನವಳು ಒಬ್ಬಳೇ. ಹೋದ ತಿಂಗಳು ಇದೇ ಚಿತ್ರದ ಕೊಳೆ ತೆಗೆದವಳೂ ಅವಳೇ. “ಅವಳು ಬಾಯಿಲ್ಲದ ಹೆಂಗಸು, ಅವಳಲ್ಲ ಬಿಡಿ” ಎನ್ನುತ್ತಲೇ ನಿರ್ದೇಶಕ ಇನ್ಸ್‌ಪೆಕ್ಟರ್‌ನ ಹಿಂದೆ ಬಂದ. ಹಿಂಬದಿಯ ಕೋಣೆಯಲ್ಲಿ ಅವಳು ಕುಂಚಗಳನ್ನು ಒರೆಸುತ್ತಿದ್ದಳು.

“ನೀವೇ ಮಾಡಿದ್ದಾ?”

“ಹೌದು.”

“ಯಾಕೆ?”

ಕೊಳೆ ಹೋದ ಮೇಲೆ ಹಿಡಿದಿದ್ದ ಮುಖದ ಫೋಟೋವನ್ನು ಅವಳು ಮುಂದಿಟ್ಟಳು. ಇನ್ಸ್‌ಪೆಕ್ಟರ್ ಬಗ್ಗಿದ. ಕೆನ್ನೆಯಲ್ಲಿ ಮಚ್ಚೆಮಚ್ಚೆಯಾಗಿ ಏರಿದ ಕೆಂಪು, ಬೆವರಿಗೆ ಹಣೆಗಂಟಿದ ಕೂದಲು, ಒಡೆದ ತುಟಿ, ಅರೆಮುಚ್ಚಿದ ರೆಪ್ಪೆಯಡಿ ಬರೀ ಬಿಳಿ.

“ಇದು ನಿದ್ದೆನಾ, ಸರ್?”

ಇಬ್ಬರು ಮಕ್ಕಳ ತಂದೆಯಾದ ಇನ್ಸ್‌ಪೆಕ್ಟರ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ. “ಜ್ವರ” ಎಂದ.

“ನಮ್ಮಕ್ಕ. ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ ಅಂತ ಅಮ್ಮ ಕೇಳಿದ್ಳು. ಕಿಟಕಿ ಬೆಳಕು ಚೆನ್ನಾಗಿದೆ, ಇವತ್ತೊಂದು ದಿನ ಮಲಗಿರ್ಲಿ ಅಂದ ಆ ಚಿತ್ರಕಾರ. ಮಾರನೇ ದಿನಾನೂ ಅದೇ ಮಾತು. ಆಮೇಲೆ ಡಾಕ್ಟ್ರಿಗೆ ಕೆಲಸಾನೇ ಇರಲಿಲ್ಲ.”

ಇನ್ಸ್‌ಪೆಕ್ಟರ್‌ಗೆ ಮೈ ಉರಿದುಹೋಯಿತು. ಕೇಸು ಹಾಕಬೇಕಾದವನು ಸತ್ತು ಎಷ್ಟೋ ವರ್ಷವಾಗಿತ್ತು. ಊರಲ್ಲಿ ಅವನ ಹೆಸರಿನ ರಸ್ತೆಯೂ ಇತ್ತು. ಕೈಗೆ ಸಿಕ್ಕವನು ನಿರ್ದೇಶಕ ಮಾತ್ರ.

“ಇವರು ನಿಮಗೆ ಇದನ್ನ ಹೇಳಿದ್ರಾ?”

“ಫಲಕ ಬದಲಾಯಿಸಿ ಅಂದಿದ್ಳು. ಆದ್ರೆ ಜನ ಬರೋದೇ ಆ ನಿದ್ದೆ ನೋಡೋಕೆ, ಇನ್ಸ್‌ಪೆಕ್ಟ್ರೇ. ಆ ಕೆನ್ನೆ ಕಳೆ ನೋಡಿ...”

“ಇನ್ನೊಂದು ಮಾತಾಡಿದ್ರೆ ನಾನು ಮನುಷ್ಯನಾಗಿರಲ್ಲ. ಆಚೆ ನಡೀರಿ.”

ಸಂಜೆ ನಾಲ್ಕೂವರೆಗೆ ಅವಳನ್ನು ಬಂಧಿಸಲಾಯಿತು. ಅಪರಾಧ ಅಪರಾಧವೇ; ಬಿಡುವ ಅಧಿಕಾರ ಇನ್ಸ್‌ಪೆಕ್ಟರ್‌ಗಿರಲಿಲ್ಲ, ಅದಕ್ಕೂ ಅವನಿಗೆ ಸಿಟ್ಟೇ ಬಂತು. ಠಾಣೆಯಲ್ಲಿ ಅವಳ ಹೇಳಿಕೆಯನ್ನು ತಾನೇ ಬರೆದುಕೊಂಡ.

“ನಿಮ್ಮಮ್ಮನಿಗೆ ಎಲ್ಲಾ ಮೊದಲೇ ಗೊತ್ತಿತ್ತಲ್ಲ. ಈಗೇನಾಯ್ತು?”

ಕುಂಚ ಹಿಡಿದರೆ ಚಿತ್ರಕಾರನಿಗೆ ಮೈಮೇಲೆ ಪ್ರಜ್ಞೆಯೇ ಇರುತ್ತಿರಲಿಲ್ಲ, ಮಗುವಿಗೆ ಜ್ವರ ಅಷ್ಟು ಜೋರಾಗಿದೆ ಎಂಬುದು ಅವನ ಕಣ್ಣಿಗೆ ಬಿದ್ದಿರಲಾರದು ಎಂದುಕೊಂಡು ತಾಯಿ ಅವನನ್ನು ಎಂದೋ ಕ್ಷಮಿಸಿಬಿಟ್ಟಿದ್ದಳು. ಹಳದಿಗಟ್ಟಿದ ಕೊಳೆಯಡಿಯಲ್ಲಿ ಮುಖ ಮಸುಕಾಗಿಯೇ ಇತ್ತು. ಕಿರಿಯ ಮಗಳೇ ಕೈಯಾರೆ ಅದನ್ನು ತೊಳೆದು, ಅಕ್ಕನನ್ನು ನೋಡು ಬಾ ಎಂದು ಕರೆತಂದಿದ್ದಳು.

“ಅಮ್ಮ ತುಂಬಾ ಹೊತ್ತು ಹತ್ರ ನಿಂತು ನೋಡಿದ್ಳು, ಸರ್. ಆಮೇಲೆ ಒಂದೇ ಮಾತು ಹೇಳಿದ್ಳು: ತುಟಿ ಒಡೆದಿದ್ದನ್ನೂ ಬರೆದಿದ್ದಾನೆ ಕಣೇ.”