ಎಂಬತ್ತು ದಾಟಿದರೆ ನಡುಕ

ಮೂರನೇ ಸಲ ಮೋಮಿನಪುರದ ಆ ಟೈರ್ ಅಂಗಡಿಗೆ ಕಾರು ಒಯ್ದಾಗ ಅಬ್ರಾರ್ ನನ್ನನ್ನು ನೋಡಿ ನಕ್ಕ. ಎರಡು ಸಲ ಸರಿಮಾಡಲಾಗದವನು ನಕ್ಕರೆ ಸಿಟ್ಟು ಬರಬೇಕು. ಬರಲಿಲ್ಲ. ಆ ವರ್ಷ ನನಗೆ ಏನೂ ಬರುತ್ತಿರಲಿಲ್ಲ, ಅಳು ಕೂಡ.

“ಮತ್ತ ಅದೇ ಏನ್ರೀ ಟೀಚರ್?”

“ಅದೇ. ಎಂಬತ್ತು ದಾಟಿದ್ರ ಸ್ಟೇರಿಂಗ್ ನಡಗ್ತದ. ಅರವತ್ತಕ್ಕ ಇಳದ್ರ ಸುಮ್ಮನಾಗ್ತದ.”

“ಬ್ರೇಕ್ ಒತ್ತಿದಾಗ?”

“ಇಲ್ಲ.”

ಇಬ್ಬರ ಮನೆಮಾತೂ ದಖನಿ ಉರ್ದು. ಆದರೆ ನಾನು ಕಮಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆಂದು ಗೊತ್ತಾದ ದಿನದಿಂದ ಅವನು ನನ್ನೊಂದಿಗೆ ಕನ್ನಡವೇ. ತಪ್ಪಿದ್ದರೆ ತಿದ್ದಲಿ ಎಂಬಂತೆ ಒಂದು ಹುಬ್ಬು ಎತ್ತಿ ನಿಲ್ಲುತ್ತಿದ್ದ. ತಿದ್ದಲು ಏನೂ ಇರುತ್ತಿರಲಿಲ್ಲ, ಹಾಳಾದವನು.

ಎರಡು ಸಲವೂ ಚಕ್ರ ಬ್ಯಾಲೆನ್ಸ್ ಮಾಡಿ, ರಿಮ್ಮಿಗೆ ಸೀಸದ ಸಣ್ಣ ತುಂಡು ಅಂಟಿಸಿ ಕಳಿಸಿದ್ದ. ನಡುಕ ಹೋಗಿರಲಿಲ್ಲ. “ಮಾರಿಬಿಡು ಬೇಟಿ” ಎಂದು ಅತ್ತೆ ಇಕ್ಬಾಲ್ ಬೇಗಂ ಹಟ ಹಿಡಿದಿದ್ದರು. ಅದು ಅವರ ಮಗ, ನನ್ನ ಗಂಡ ದಾನಿಶನ ಕಾರು.

ನಿಜ ಹೇಳುತ್ತೇನೆ. ದಾನಿಶ್ ತೀರಿಕೊಂಡ ಮೇಲೆ ನನಗೆ ಉಪ್ಪು, ಖಾರ, ಬಿಸಿಲು ಯಾವುದೂ ತಿಳಿಯುತ್ತಿರಲಿಲ್ಲ. ಎಂಬತ್ತರಲ್ಲಿ ಅಂಗೈಗೆ ಬರುವ ಆ ನಡುಕವೊಂದೇ ತಿಳಿಯುತ್ತಿತ್ತು. ಅದೂ ಹೋದರೆ ಏನು ಉಳಿಯುತ್ತದೆ ಎಂಬ ಹೆದರಿಕೆ. ಆದರೂ ರಿಪೇರಿಗೆ ಬರುತ್ತಿದ್ದೆ. ಯಾಕೆಂದು ನನ್ನನ್ನೇ ಕೇಳಿಕೊಂಡಿರಲಿಲ್ಲ.

ಈ ಸಲ ಅಬ್ರಾರ್ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದ.

“ಕಮಲಾಪುರದ ತನಕ ಓಡಿಸಿ ನೋಡೂಣ್ರಿ.”

ಪರ ಗಂಡಸಿನ ಜೊತೆ ಒಬ್ಬಳೇ ಹೇಗೆ ಹೋಗುವುದು? ಮನೆಯಿಂದ ಅತ್ತೆಯನ್ನು ಕರೆದುಕೊಂಡೆವು. ಅವರು ಬುರ್ಖಾ ಸರಿಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತರು.

ಊರು ದಾಟಿ ಎಂಬತ್ತಕ್ಕೆ ಏರಿಸಿದೆ. ಸ್ಟೇರಿಂಗ್ ಅಲ್ಲಾಡಲಿಲ್ಲ. ನನ್ನ ಕೈ ಮರಗಟ್ಟಿದಂತಿತ್ತು.

“ಯಾ ಅಲ್ಲಾ,” ಹಿಂದಿನಿಂದ ಅತ್ತೆ ಅಂದರು. “ಈಗ ನನ್ನ ಟೊಂಕ ನಡಗಾಕತ್ತದ.”

“ಸಿಕ್ತು,” ಎಂದ ಅಬ್ರಾರ್. “ರೋಗ ಟೈರಿನಾಗೇ ಅದ. ಟೈರ್ ಹಿಂದ ಹೋತು, ನಡುಕಾನೂ ಹಿಂದ ಹೋತು.”

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವಲ್ಲಿ ನಿಲ್ಲಿಸಿದೆ. ಅವನು ಜಾಕ್ ಹಚ್ಚಿ ಹಿಂದಿನ ಚಕ್ರ ಎತ್ತಿ, ಬೆರಳು ತಾಗಿಸಿ ತಿರುಗಿಸಿದ. ಒಂದು ಕಡೆ ಮಾತ್ರ ಬೆರಳಿಗೆ ಟೈರ್ ಸಿಗಲಿಲ್ಲ.

“ನಿಂತು ನಿಂತು ಚಪ್ಪಟೆ ಆಗ್ಯದ. ಒಂದೇ ಜಾಗಾದಾಗ ಎಷ್ಟ್ ದಿನಾ ನಿಂತಿತ್ರೀ?”

“ನಾಲ್ಕು ತಿಂಗಳು ಹತ್ತು ದಿನ.”

ಚಕ್ರ ತಿರುಗಿಸುತ್ತಿದ್ದ ಅವನ ಕೈ ನಿಂತಿತು. ಮೋಮಿನಪುರದವರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಗಂಡ ಸತ್ತವಳು ಮನೆಯಲ್ಲೇ ಕಳೆಯುವ ಇದ್ದತ್ ಅಷ್ಟು ದಿನ. ನಾನು ಒಳಗೆ ಕೂತಿದ್ದೆ, ಕಾರು ಹೊರಗೆ ನಿಂತಿತ್ತು.

“ಬಂದವ್ರಿಗೆಲ್ಲಾ ಮೊದಲ ಇದನ್ನೇ ಕೇಳ್ತೀನಿ,” ಎಂದ ತಲೆ ಎತ್ತದೆ. “ನಿಮಗ ಕೇಳಲಿಲ್ಲ.”

“ಯಾಕ?”

“ನಿಮ್ಮ ಮನೀ ಸುದ್ದಿ ಗೊತ್ತಿತ್ತು. ಕೇಳಿದ್ರ ಅವತ್ತೇ ಗಾಡಿ ಸರಿ ಆಗ್ತಿತ್ತು. ಆಮ್ಯಾಲ ನೀವು ಬರ್ತಿದ್ದಿಲ್ಲ.”

ಆಗ ನನಗೆ ಸಿಟ್ಟು ಬಂತು. ಹೊಟ್ಟೆಯಿಂದ ಎದ್ದು ಕಿವಿ ಬಿಸಿಯಾಗುವಷ್ಟು.

“ಅಲ್ಲಪಾ, ನಿನಗ ಬುದ್ಧಿ ಅದನೋ ಇಲ್ಲೋ? ದಿನಾ ಈ ರಸ್ತಾದಾಗ ಹೋಗಾಕಿ ನಾನು. ಟೈರ್ ಒಡದು ಸತ್ತಿದ್ರ? ಮೂರು ಸಲ ಅಂಗಡೀ ಬಾಗಲಿಗೆ ಹುಚ್ಚೀ ಹಂಗ…”

ದನಿ ಒಡೆಯಿತು. ಕಣ್ಣಲ್ಲಿ ನೀರು. ವರ್ಷದ ಮೇಲೆ.

“ತಪ್ಪಾತ್ರಿ,” ಎಂದ ಅವನು. ಈ ಸಲ ಹುಬ್ಬು ಎತ್ತಲಿಲ್ಲ.

ಅತ್ತೆ ಕಿಟಕಿಯಲ್ಲಿ ಬಾಳೆಹಣ್ಣು ಸುಲಿಯುತ್ತ ಎಲ್ಲ ಕೇಳಿಸಿಕೊಂಡಿದ್ದರು. “ಬೈ ಬೇಟಿ, ಚಂದಾಗಿ ಬೈ. ನಿನ್ನ ದನಿ ಕೇಳಿ ವರ್ಷಾತು,” ಎಂದು ಹಣ್ಣು ನನ್ನ ಕೈಗಿಟ್ಟರು. “ಗಾಡಿ ಮಾರೂದು ಬ್ಯಾಡ. ಹೊಸಾ ಟೈರ್ ಹಾಕ್ಸು.”

ಹಣ್ಣು ಸಿಹಿಯಾಗಿತ್ತು. ಅದು ನಾಲಿಗೆಗೆ ತಿಳಿಯಿತು.

ಅಬ್ರಾರ್ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ. “ಹೊಸಾ ಟೈರ್ ಹಾಕಿದ್ರ ನಡಗೂದಿಲ್ರೀ. ಆಮ್ಯಾಲೂ ಬರ್ತೀರೇನು?”

“ಬರ್ತೀನಿ,” ಎಂದೆ. “ಬೈಯೂದು ಇನ್ನೂ ಮುಗದಿಲ್ಲ.”