ಮೂರು ರೂಪಾಯಿಯ ಷೇರು

"ಆ ಕಾಗದಕ್ಕೆ ಕೈ ಹಚ್ಚಬ್ಯಾಡ್ರಿ!"

ಹಿರೇಗುಂಟನೂರಿನ ಬೇವಿನ ಕಟ್ಟೆಯ ಮೇಲೆ ಕೂತು ಷೇರು ಕಾಗದ ಕೊಳ್ಳುತ್ತಿದ್ದ ಮುರುಗಪ್ಪ ಬೆಚ್ಚಿ ತಲೆ ಎತ್ತಿದ. ಎದುರಿಗೆ ನಿಂತವಳ ಕಣ್ಣಲ್ಲಿ ಕೆಂಡ, ಸೆರಗಿನ ತುಂಬ ಕರಿ ಉಣ್ಣೆಯ ಎಳೆ... ಬೈಸಿಕೊಳ್ಳುತ್ತಲೇ ಅವನ ಎದೆ ಝಲ್ಲೆಂದಿತು!

ಕುರಿ ಸಾಕುವ ಮಾರಣ್ಣನ ಮಗಳು ಸಿದ್ದಕ್ಕ ಅವಳು. ಚಿತ್ರದುರ್ಗದ ಉಣ್ಣೆ ಗಿರಣಿಯಲ್ಲಿ ಮಗ್ಗದ ಕೆಲಸ. ಹಟ್ಟಿ ಹಟ್ಟಿಯವರು ಹತ್ತು ರೂಪಾಯಿಯಂತೆ ಷೇರು ಕೊಂಡು ಎಬ್ಬಿಸಿದ ಕಂಪನಿ, ಎಪ್ಪತ್ನಾಲ್ಕರ ಆ ಬೇಸಿಗೆಯಲ್ಲಿ ಏದುಸಿರು ಬಿಡುತ್ತಿತ್ತು. ಪೇಟೆಯ ಚಹದಂಗಡಿಯಲ್ಲಿ ಬೆಳಿಗ್ಗೆಗೊಂದು ಸುದ್ದಿ, ಸಂಜೆಗೊಂದು. "ಮಿಲಿಟರಿ ಕಂಬಳಿ ಆರ್ಡರ್ ಬಂತಂತೆ!" ಅಂದರೆ ಷೇರು ಆರು ರೂಪಾಯಿ. "ಬೀಗ ಹಾಕ್ತಾರಂತೆ!" ಅಂದರೆ ಮೂರು.

"ಮುಚ್ಚೋ ಗಿರಣಿ... ನಿಮ್ಗೆ ಷೇರಿಗೆ ಮೂರಾದ್ರೂ ಸಿಗ್ಲಿ ಅಂತ ಕೊಳ್ತಿದೀನಿ," ಎಂದ ಮುರುಗಪ್ಪ ಮೆಲ್ಲಗೆ.

"ಮುಚ್ಚೋರು ಯಾರು? ನಿಮ್ಮ ಸೋದರಮಾವ ಶಿವಕುಮಾರಪ್ಪ! ಸುದ್ದಿ ಹಬ್ಬಿಸೋರೂ ಅವರೇ, ಕೊಳ್ಳೋರೂ ಅವರೇ. ಗಿರಣಿ ಜಾಗದ ಮೇಲೆ ಕಣ್ಣೈತೆ. ನಂದು ಇಪ್ಪತ್ತು ಷೇರು, ಮಾರಲ್ಲ!"

ಪಕ್ಕದಲ್ಲಿದ್ದ ಮುದುಕಿ ಗಿರಿಯಮ್ಮ ತನ್ನ ಹತ್ತು ಷೇರಿನಲ್ಲಿ ಒಂಬತ್ತನ್ನು ಆಗಲೇ ಕೊಟ್ಟಿದ್ದಳು.

"ಆ ಒಂದು ಯಾಕಜ್ಜಿ ಉಳಿಸ್ಕೊಂಡೆ?" ಎಂದ ಮುರುಗಪ್ಪ.

"ಕುರಿ ಮಾರಿದ್ರೂ ಒಂದು ಚಿಟಿಕೆ ಉಣ್ಣೆ ಕಿತ್ತಿಟ್ಕೊಳ್ಳಲ್ವೇನಪ್ಪ? ಪೂರಾ ಕೊಟ್ರೆ ಹಟ್ಟಿ ಭಾಗ್ಯ ಹೊಂಟೋಗ್ತೈತೆ. ಎಲ್ಲ ಹಟ್ಟಿಯೋರೂ ಹಂಗೇ ಮಾಡವ್ರೆ."

ಮುರುಗಪ್ಪ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಅಂದಿನಿಂದ ಸಿದ್ದಕ್ಕನ ಕೈಯಲ್ಲಿ ಲಾಳಿ ಜಾರುತ್ತಿತ್ತು. 'ಇಷ್ಟು ಮೆತ್ತನೆ ಮಾತಿನವನು ಇಂಥ ಕೆಲಸಕ್ಕೆ ಯಾಕೆ ಬಂದ? ಗಿರಣಿ ಮುರಿಯೋನ ಮೇಲೆ ಮನಸ್ಸೇ... ಶಿವನೇ, ಇದೇನಾಟ ನಿಂದು!' ಗಿರಣಿ ಗೇಟಿನ ಬಳಿ ಅವನು ಎರಡು ಸಲ ಬಂದು ನಿಂತ. ಎರಡು ಸಲವೂ ಮುಖ ತಿರುಗಿಸಿ ನಡೆದಳು.

ಮುಚ್ಚುವ ಸಭೆಯ ದಿನ ಗೊತ್ತಾಯಿತು. ಸಿದ್ದಕ್ಕ ತುರುವನೂರಿನತನಕ ಹಟ್ಟಿ ಹಟ್ಟಿ ಸುತ್ತಿದಳು. "ಒಂದೇ ಷೇರಿದ್ರೂ ಬರ್ರಿ! ಸೋತ್ರೂ ಎದ್ದು ನಿಂತು ಸೋಲಾಣ!"

ಬಂದರು. ಗಿರಣಿಯ ಅಂಗಳದ ತುಂಬ ಕಂಬಳಿ ಹೆಗಲುಗಳು!

ಕಂಪನಿ ಮುಚ್ಚಲು ನಾಕರಲ್ಲಿ ಮೂರು ಪಾಲು ಮತ ಬೇಕು. ಎರಡು ಸಾವಿರ ಷೇರಿಗೆ ಸಾವಿರದೈನೂರು. ಗುಮಾಸ್ತ ಎರಡು ಸಲ ಎಣಿಸಿ ಗಂಟಲು ಸರಿಮಾಡಿಕೊಂಡ.

"ಶಿವಕುಮಾರಪ್ಪನೋರ ಕಡೆ ಸಾವಿರದ ನಾನೂರ ಅರವತ್ತೊಂಬತ್ತು. ಮೂವತ್ತೊಂದು ಕಡಿಮೆ. ಗಿರಣಿ ಮುಚ್ಚಂಗಿಲ್ಲ!"

ಅಂಗಳವೇ ಕೇಕೆ ಹಾಕಿತು. ಶಿವಕುಮಾರಪ್ಪ ಸೋದರಳಿಯ ಮುರುಗಪ್ಪನತ್ತ ತಿರುಗಿದರು.

"ಲೇ, ಮುನ್ನೂರು ಜನ ಒಂದೊಂದು ಉಳಿಸ್ಕೊಂಡವ್ರೆ! ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು, ಮಾವ."

"ಯಾಕಲೇ ಬೊಗಳಲಿಲ್ಲ?"

"ನೀವು ದಿನಾ ರೇಟು ಕೇಳಿದ್ರಿ. ಇದನ್ನ ಕೇಳಲಿಲ್ಲ. ಕೇಳಿದ್ರೂ ಹೇಳ್ತಿರಲಿಲ್ಲ!"

"ನನ್ನ ಅಂಗಡಿ, ಮನೆ ಎರಡರ ಮೆಟ್ಟಿಲೂ ಹತ್ತಬ್ಯಾಡ ಇನ್ನ!"

"ಆಗಲಿ."

ಸಿದ್ದಕ್ಕ ಇಬ್ಬರ ಮಾತೂ ಕೇಳಿಸಿಕೊಂಡಳು. 'ನಾನು ಇವನಿಗಾ ಮುಖ ತಿರುಗಿಸಿದ್ದು?...' ಓಡಿಹೋಗಿ ಗೇಟಿನಲ್ಲಿ ಅಡ್ಡ ನಿಂತಳು.

"ಮಾವನಿಗೆ ಹೇಳಿಲ್ಲ ಅಂತ ನಂಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ದಾ?"

"...ಇಲ್ಲ."

"ಸುದ್ದಿ ಬಾಯಿಂದ ಬಾಯಿಗೆ ಹೋಗಿ ಮಾವನ ಕಿವಿ ಮುಟ್ಟಿದ್ರೆ? ಅದಕ್ಕೇ ಸುಮ್ಮನಿದ್ದೆ." ಅವನು ನೆಲ ನೋಡಿದ. "ಈಗ ನಂಗೆ ಮನೆ ಇಲ್ಲ, ಕೆಲಸ ಇಲ್ಲ, ಸಿದ್ದಕ್ಕ."

"ನಾನು ಅದನ್ನೆಲ್ಲ ಕೇಳಿದೆನಾ?" ಅವಳು ಅಂಗಳದತ್ತ ಕೈ ತೋರಿದಳು. "ನಮ್ಮಪ್ಪ ಅಲ್ಲೇ ಕುಂತವ್ನೆ. ಕೇಳಾಣ, ನಡಿ."

"ಈಗ್ಲೇನಾ? ನಮ್ಮೋರು, ನಿಮ್ಮೋರು, ಎಲ್ಲಾ ನೋಡ್ತವ್ರೆ!"

"ನೋಡ್ಲಿ!"

ಮುನ್ನೂರು ಜನರ ನಡುವೆ ಅವನ ಕೈ ಹಿಡಿದಳು. ಅವನು ಒಂದು ಹೆಜ್ಜೆ ಹಿಂದೆ ಉಳಿದ.

"ಹೆದರಿಕೆನಾ?" ಅಂದಳು ಪಿಸುದನಿಯಲ್ಲಿ.

"ಹ್ಞೂಂ... ನಿಂಗೆ?"

"ನಂಗೂ. ಬಿಡಬ್ಯಾಡ ಮತ್ತೆ."